ಕೆಂಪು ದೀಪ ಹೇಳದ ಮಾತು

ಮಕ್ಕಳೇ, ಕಾರಿನ ಸ್ಟಿಯರಿಂಗ್ ಹಿಂದಿರುವ ಫಲಕವನ್ನು ಎಂದಾದರೂ ಇಣುಕಿ ನೋಡಿದ್ದೀರಾ? ಅಲ್ಲಿ ಅಲ್ಲಾವುದ್ದೀನನ ದೀಪದಂಥ ಒಂದು ಪುಟ್ಟ ಚಿತ್ರವಿರುತ್ತದೆ. ಅದರ ಮೂತಿಯಿಂದ ಒಂದು ಹನಿ ತೊಟ್ಟಿಕ್ಕುತ್ತಿರುತ್ತದೆ. ಅದು ದೀಪವಲ್ಲ, ಎಣ್ಣೆಯ ಕ್ಯಾನು. ಎಂಜಿನ್ ಆಯಿಲ್‌ನ ಒತ್ತಡ ತೀರಾ ಕುಸಿದಾಗ ಅದು ಕೆಂಪಗೆ ಹೊತ್ತಿಕೊಳ್ಳುತ್ತದೆ.

ಆ ದೀಪಕ್ಕೆ ಬರುವುದು ಎರಡೇ ಮಾತು: ‘ಎಲ್ಲ ಸರಿಯಿದೆ’, ಇಲ್ಲವೇ ‘ಕೆಟ್ಟಿತು’. ನಡುವಿನದೇನೂ ಅದಕ್ಕೆ ಗೊತ್ತಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ತಲೆ ನರೆಸಿಕೊಂಡವನು ನಾನು. ಚೆಕ್ಕು ವಾಪಸ್ಸಾದ ಮೇಲೆ “ಖಾತೆಯಲ್ಲಿ ದುಡ್ಡೇ ಇರಲಿಲ್ಲವೇನ್ರೀ?” ಎಂದು ಓಡಿ ಬರುವವರನ್ನು ಬೇಕಾದಷ್ಟು ಕಂಡಿದ್ದೇನೆ. ಆಗಾಗ ಪಾಸ್‌ಬುಕ್ ತೆರೆದು ನೋಡುವವರು ಹಾಗೆ ಓಡಿ ಬರುತ್ತಿರಲಿಲ್ಲ. ಕೆಂಪು ದೀಪ ಎಂದರೆ ವಾಪಸ್ಸಾದ ಚೆಕ್ಕು. ಮುಳ್ಳಿರುವ ಮೀಟರು ಎಂದರೆ ಪಾಸ್‌ಬುಕ್ಕು.

ನನ್ನ ಹಳೆಯ ಕಾರಿನಲ್ಲಿ ಆಯಿಲ್‌ಗೆ ಮೀಟರು ಇರಲಿಲ್ಲ. ಶಾಖದ ಮೀಟರೇನೋ ಇತ್ತು, ಆದರೆ ಒಂದು ತುದಿಯಲ್ಲಿ ‘ಸಿ’, ಇನ್ನೊಂದು ತುದಿಯಲ್ಲಿ ‘ಎಚ್’ ಬಿಟ್ಟರೆ ಅಂಕಿಗಳೇ ಇಲ್ಲ. ಅಂಕಿಯಿಲ್ಲದ ಲೆಕ್ಕ ನನಗೆ ಒಗ್ಗದು. ಹಾಗಾಗಿ ಎರಡು ಮೀಟರು ಹಾಕಿಸಲು ಹೊರಟೆ. ಒಂದು ಆಯಿಲ್ ಒತ್ತಡಕ್ಕೆ, ಇನ್ನೊಂದು ರೇಡಿಯೇಟರ್ ನೀರಿನ ಶಾಖಕ್ಕೆ. “ಅಪ್ಪಾ, ಈ ವಯಸ್ಸಿನಲ್ಲಿ ಕಾರಿಗೆ ಅಲಂಕಾರವೇ?” ಎಂದು ಮಗ ನಕ್ಕ. “ನನಗೆ ತಿಂಗಳಿಗೊಮ್ಮೆ ಬಿ.ಪಿ. ನೋಡಿಸುತ್ತೀಯಲ್ಲ, ಪಾಪ, ಕಾರಿಗೂ ಇರಲಿ ಬಿಡು” ಎಂದೆ.

ಹೋಲಿಕೆ ತಮಾಷೆಯದಲ್ಲ. ನಮ್ಮ ಹೃದಯದಂತೆ ಎಂಜಿನ್ನಿನೊಳಗೆ ಒಂದು ಪಂಪು ಇದೆ. ಅದು ಸಣ್ಣ ಸಣ್ಣ ಕಾಲುವೆಗಳ ಮೂಲಕ ಆಯಿಲನ್ನು ಬೇರಿಂಗುಗಳಿಗೆ ದೂಡುತ್ತದೆ. ತಿರುಗುವ ದಂಡಕ್ಕೂ ಬೇರಿಂಗಿಗೂ ನಡುವೆ ತೆಳ್ಳನೆಯ ಆಯಿಲ್ ಪದರ ನಿಲ್ಲುತ್ತದೆ. ಆ ಪದರ ಇರುವವರೆಗೆ ಲೋಹ ಲೋಹವನ್ನು ಮುಟ್ಟುವುದಿಲ್ಲ. ಒತ್ತಡ ಇಲ್ಲದೆ ಪದರ ಹರಿದರೆ ಕೆಲವೇ ನಿಮಿಷಗಳಲ್ಲಿ ಬೇರಿಂಗು ಸವೆದು ಎಂಜಿನ್ ಹಿಡಿದುಕೊಳ್ಳಬಹುದು.

ಡಿಸೆಂಬರಿನ ಬೆಳಗ್ಗೆ ತುಪ್ಪ ಗಟ್ಟಿಯಾಗುತ್ತದೆ, ಒಲೆಯ ಮೇಲಿಟ್ಟರೆ ನೀರಾಗುತ್ತದೆ. ಆಯಿಲ್ ಕೂಡ ಹಾಗೆಯೇ. ತಣ್ಣಗಿದ್ದಾಗ ಮಂದವಾಗಿರುವುದರಿಂದ ಒತ್ತಡ ಹೆಚ್ಚು, ಕಾದಾಗ ತೆಳುವಾಗುವುದರಿಂದ ಒತ್ತಡ ಕಡಿಮೆ. ನನ್ನ ಕಾರಿನಲ್ಲಿ ಬೆಳಗ್ಗೆ ಚಾಲೂ ಮಾಡಿದಾಗ 60 ಪೌಂಡ್, ಕಾದು ಓಡುವಾಗ 45, ಕಾದ ಮೇಲೆ ಸಿಗ್ನಲಿನಲ್ಲಿ ನಿಂತಾಗ 15. ಕೆಂಪು ದೀಪ ಹೊತ್ತುವುದು ಸಾಮಾನ್ಯವಾಗಿ ಒತ್ತಡ 5-6 ಪೌಂಡಿಗೆ ಇಳಿದಾಗ. ಅಲ್ಲಿಗೆ ಬರುವವರೆಗೂ ಅದು ಸುಮ್ಮನಿರುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಎರಡು ಬಗೆಯ ಮೀಟರು ತೋರಿಸಿದರು. ಒಂದು ಹಳೆಯ ಮಾದರಿಯದು. ಜಾತ್ರೆಯಲ್ಲಿ ಸಿಗುವ, ಊದಿದರೆ ಸುರುಳಿ ಬಿಚ್ಚುವ ಕಾಗದದ ಪೀಪಿ ಗೊತ್ತಲ್ಲ? ಅದೇ ಉಪಾಯ. ಬಾಗಿದ ಚಪ್ಪಟೆ ಲೋಹದ ಕೊಳವೆಯೊಳಗೆ ಒತ್ತಡ ನುಗ್ಗಿದರೆ ಅದು ನೆಟ್ಟಗಾಗಲು ನೋಡುತ್ತದೆ, ಆ ಚಲನೆ ಮುಳ್ಳನ್ನು ತಿರುಗಿಸುತ್ತದೆ. ಫ್ರಾನ್ಸಿನ ಯುಜೀನ್ ಬೂರ್ಡಾನ್ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆದರೆ ಇದಕ್ಕೆ ಬಿಸಿ ಆಯಿಲನ್ನೇ ಸಣ್ಣ ಪೈಪಿನಲ್ಲಿ ಕಾರಿನೊಳಕ್ಕೆ ತರಬೇಕು. ಪೈಪು ಒಡೆದರೆ ಕಾಲ ಮೇಲೆ ಬಿಸಿ ಎಣ್ಣೆ! ಇನ್ನೊಂದು ವಿದ್ಯುತ್ತಿನದು. ಎಂಜಿನ್ನಿಗೆ ಸೆನ್ಸರ್, ಒಳಗೆ ಬರುವುದು ತಂತಿ ಮಾತ್ರ. ನಾನು ಇದನ್ನೇ ಆರಿಸಿದೆ.

ಮೆಕ್ಯಾನಿಕ್ ಕೆಲಸ ಮಾಡುವಾಗ ನಾನೂ ಏಳನೇ ಕ್ಲಾಸಿನ ಮೊಮ್ಮಗಳೂ ಪಕ್ಕದಲ್ಲೇ ನಿಂತಿದ್ದೆವು. ದೀಪದ ಹಳೆಯ ಸ್ವಿಚ್ಚನ್ನು ಬಿಚ್ಚಿ, ಆ ಜಾಗಕ್ಕೆ ಹಿತ್ತಾಳೆಯ ಟೀ ಜಾಯಿಂಟ್ ಕೂರಿಸಿ, ಒಂದು ಕವಲಿಗೆ ಹಳೆಯ ಸ್ವಿಚ್ಚು, ಇನ್ನೊಂದಕ್ಕೆ ಹೊಸ ಸೆನ್ಸರ್ ಹಾಕಿದರು. ದೀಪವನ್ನು ತೆಗೆಯಬಾರದು. ಮೀಟರಿನ ಕಡೆ ಕಣ್ಣು ಹೋಗದ ಹೊತ್ತಿನಲ್ಲಿ ಅದೇ ಕಾವಲು. ಶಾಖದ ಸೆನ್ಸರನ್ನು ರೇಡಿಯೇಟರಿನ ಮೇಲಿನ ರಬ್ಬರ್ ಪೈಪಿನ ನಡುವೆ ಸಣ್ಣ ಲೋಹದ ಕೊಳವೆ ಸೇರಿಸಿ ಕೂರಿಸಿದರು. ಎರಡು ಕಡೆಯೂ ರಬ್ಬರ್ ಇರುವುದರಿಂದ ಆ ಕೊಳವೆಗೆ ಬೇರೆ ಅರ್ಥ್ ತಂತಿ ಬೇಕು, ಇಲ್ಲದಿದ್ದರೆ ಮೀಟರು ಸುಳ್ಳು ಹೇಳುತ್ತದೆ. ತಗಡು ತೂರಿ ಬರುವ ತಂತಿಗಳು ತರಚಿಕೊಳ್ಳದಂತೆ ರಬ್ಬರ್ ಬುಶ್, ಕರೆಂಟಿನ ತಂತಿಗೆ ಫ್ಯೂಸು.

ಶಾಖದ ಸೆನ್ಸರನ್ನು ಕೂರಿಸುವ ಮುಂಚೆ ನಾವೊಂದು ಪರೀಕ್ಷೆ ಮಾಡಿದ್ದೆವು. ಪೋರ್ಟಿಕೋದಲ್ಲಿ ಕರೆಂಟ್ ಒಲೆ ಇಟ್ಟು, ಕುದಿಯುವ ನೀರಿನಲ್ಲಿ ಸೆನ್ಸರ್ ಇಳಿಬಿಟ್ಟು, ಕಾರಿನ ಬ್ಯಾಟರಿಯಿಂದ ಮೀಟರಿಗೆ ತಂತಿ ಕೊಟ್ಟೆವು. ಮುಳ್ಳು 97ರಲ್ಲಿ ನಿಂತಿತು. “ತಾತ, ಮೂರು ಡಿಗ್ರಿ ಕಮ್ಮಿ, ಮೀಟರ್ ಸರಿಯಿಲ್ಲ” ಎಂದಳು. ಮೂರು ರೂಪಾಯಿ ವ್ಯತ್ಯಾಸಕ್ಕೆ ರಾತ್ರಿ ಎಂಟರವರೆಗೆ ಲೆಡ್ಜರು ತಿರುವಿ ಹಾಕಿದವನು ನಾನು, ಸುಮ್ಮನೆ ಬಿಡುತ್ತೇನೆಯೇ? ನೀರು 100 ಡಿಗ್ರಿಯಲ್ಲಿ ಕುದಿಯುವುದು ಸಮುದ್ರಮಟ್ಟದಲ್ಲಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿ ಮುಂಚೆಯೇ ನೀರು ಕುದಿಯುತ್ತದೆ. ಲೆಕ್ಕ ತಾಳೆಯಾಯಿತು.

ಅಂದಿನಿಂದ ಅವಳ ಹತ್ತಿರ ಒಂದು ನೋಟುಪುಸ್ತಕ ಇದೆ. ಊರಿನಲ್ಲಿ ಎಷ್ಟು, ಹೆದ್ದಾರಿಯಲ್ಲಿ ಎಷ್ಟು, ನಂದಿಬೆಟ್ಟ ಹತ್ತುವಾಗ ಎಷ್ಟು, ಎಲ್ಲ ಅದರಲ್ಲಿದೆ. ದಿನನಿತ್ಯದ ಅಂಕಿ ಗೊತ್ತಿಲ್ಲದವನಿಗೆ ಮೀಟರು ಬರೀ ಗಡಿಯಾರದಂಥ ಆಟಿಕೆ.

ಕಳೆದ ಬೇಸಿಗೆಯಲ್ಲಿ ಧರ್ಮಸ್ಥಳದಿಂದ ಮನೆಮಂದಿಯೆಲ್ಲ ಹಿಂದಿರುಗುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮುಂದೊಂದು ತುಂಬಿದ ಲಾರಿ ತೆವಳುತ್ತಿತ್ತು. ಹಿಂದಿನ ಸೀಟಿನಿಂದ ಮೊಮ್ಮಗಳ ದನಿ: “ತಾತ, ತೊಂಬತ್ತೈದು.” ಸ್ವಲ್ಪ ಹೊತ್ತಿಗೆ, “ನೂರು.” ಮತ್ತೆ, “ತಾತ, ನೂರಾ ನಾಲ್ಕು! ಏರಿನಲ್ಲಿ ಯಾವತ್ತೂ ತೊಂಬತ್ತೆರಡು ದಾಟಿಲ್ಲ.” ಲಾರಿ ನಿಂತಾಗ ಆಯಿಲ್ ಮುಳ್ಳು ಎಂದಿನ 15ರ ಬದಲು 11ರಲ್ಲಿತ್ತು. ಕೆಂಪು ದೀಪ ಹೊತ್ತಿರಲಿಲ್ಲ. ‘ಸಿ-ಎಚ್’ ಮುಳ್ಳು ನಡುವಿನಿಂದ ಒಂದೆಳೆ ಮೇಲಿತ್ತಷ್ಟೆ.

ಎ.ಸಿ. ಆರಿಸಿ, ಹೀಟರ್ ಪೂರ್ತಿ ಹಾಕಿದೆ. ಹೀಟರು ಎಂಜಿನ್ನಿನ ಶಾಖವನ್ನೇ ಎಳೆದು ಒಳಗೆ ಬಿಡುತ್ತದೆ. ಎಲ್ಲರೂ ಬೆವರಿದರು, ಆದರೆ ಮುಳ್ಳು ಏರುವುದು ನಿಂತಿತು. ಅಗಲವಾದ ಜಾಗ ಸಿಕ್ಕ ಕೂಡಲೇ ಬದಿಗೆ ಹಾಕಿ ಬಾನೆಟ್ ಎತ್ತಿದೆ. ರೇಡಿಯೇಟರಿನ ಫ್ಯಾನು ತಿರುಗುತ್ತಿರಲಿಲ್ಲ. ಹೆದ್ದಾರಿಯಲ್ಲಿ ಎದುರುಗಾಳಿಯೇ ತಂಪು ಮಾಡುತ್ತಿದ್ದುದರಿಂದ ಅದು ತಿಳಿದಿರಲಿಲ್ಲ. ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡು ಮುಕ್ಕಾಲು ಗಂಟೆ ಕಾದೆವು. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಮುಟ್ಟಲಿಲ್ಲ. ಅದು ವೆಯ್ಟ್ ಹಾಕಿದ ಕುಕ್ಕರಿದ್ದಂತೆ, ಬಿಸಿಯಲ್ಲಿ ತೆರೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ತಣ್ಣಗಾದ ಮೇಲೆ ನೋಡಿದರೆ ಫ್ಯಾನಿನ ಪ್ಲಗ್ಗು ಅಲುಗಾಟಕ್ಕೆ ಸಡಿಲವಾಗಿತ್ತು. ಒತ್ತಿ ಕೂರಿಸಿ, ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿದೆ. ಫ್ಯಾನು ತಿರುಗಿತು. ಕತ್ತಲಾಗುವ ಮುಂಚೆ ಸಕಲೇಶಪುರದಲ್ಲಿ ಕಾಫಿ ಕುಡಿಯುತ್ತಿದ್ದೆವು. ದೀಪವನ್ನೇ ನಂಬಿ ಕುಳಿತಿದ್ದರೆ ಎಂಜಿನ್ನಿನ ಹೆಡ್ಡು ಬಾಗಿ, ಎಳೆಯ ಮಕ್ಕಳೊಡನೆ ಘಾಟಿಯಲ್ಲೇ ರಾತ್ರಿ ಕಳೆಯಬೇಕಾಗುತ್ತಿತ್ತೇನೋ.

ಎಲ್ಲರ ಮನೆಯ ಕಾರಿಗೂ ಮೀಟರು ಹಾಕಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ಕೆಲಸ ನಿಮ್ಮಿಂದಾಗುತ್ತದೆ. ಇನ್ನು ಮೇಲೆ ಅಪ್ಪನೋ ಅಮ್ಮನೋ ಕೀಲಿ ತಿರುಗಿಸಿದಾಗ, ಎಂಜಿನ್ ಚಾಲೂ ಆಗುವ ಮುಂಚಿನ ಆ ಒಂದೆರಡು ಕ್ಷಣ ಎಣ್ಣೆ ಕ್ಯಾನಿನ ಚಿತ್ರವನ್ನೇ ನೋಡಿ. ಸಾಮಾನ್ಯವಾಗಿ ಆಗ ಅದು ಕೆಂಪಗೆ ಹೊತ್ತಬೇಕು, ಚಾಲೂ ಆದೊಡನೆ ಆರಬೇಕು. ಹೊತ್ತಲೇ ಇಲ್ಲವೆಂದರೆ ಬಲ್ಬೋ ತಂತಿಯೋ ಹೋಗಿರಬಹುದು, ಕಾವಲುಗಾರ ನಿದ್ದೆಹೋಗಿದ್ದಾನೆ ಎಂದರ್ಥ. ಕೂಡಲೇ ಹೇಳಿ. ಅಜ್ಜ ಅಜ್ಜಿಯರೇ, ಮಕ್ಕಳು ಹೇಳಿದಾಗ “ಸುಮ್ಮನಿರು” ಎನ್ನದೆ ಒಮ್ಮೆ ಬಗ್ಗಿ ನೋಡಿ.