ನಾಳೆ ಹೇಳುವವರ ಹೊಣೆ

ನಾಳೆ ಏನಾಗುವುದೆಂದು ಇಂದೇ ತಿಳಿಯಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ಆ ಆಸೆಯನ್ನು ನಂಬಿ ಹೊಟ್ಟೆ ಹೊರೆಯುವವರೂ ಹೊಸಬರಲ್ಲ. ನಮ್ಮ ನಾಡಿನಲ್ಲಿ ಬುಡಬುಡಿಕೆಯವನಿದ್ದಾನೆ, ಕಣಿ ಹೇಳುವ ಕೊರವಂಜಿಯಿದ್ದಾಳೆ, ಪಂಚಾಂಗ ಬಿಚ್ಚುವ ಜೋಯಿಸರಿದ್ದಾರೆ, ಕವಡೆ ಚೆಲ್ಲುವವರಿದ್ದಾರೆ, ಗಿಣಿಯಿಂದ ಚೀಟಿ ತೆಗೆಸುವವರಿದ್ದಾರೆ. ಈ ತುಂಬು ಸಂಸಾರಕ್ಕೆ ಈಚೆಗೆ ಸೊಸೆಯಾಗಿ ಬಂದವಳು ಟ್ಯಾರೋ ಎಂಬ ಎಲೆಶಾಸ್ತ್ರ. ಈ ಸೊಸೆ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದ್ದು ಮನೆತುಂಬಿದವಳಲ್ಲ. ಮೊಬೈಲ್ ಫೋನಿನ ಪುಟ್ಟ ಕಿಟಕಿಯಿಂದ ಒಳಗೆ ಇಳಿದವಳು.

ಬಸವನಗುಡಿಯ ಮನೆಯೊಂದರ ಮಹಡಿಯಲ್ಲಿ ಕುಳಿತವರು ಕಲಬುರಗಿಯಲ್ಲಿರುವವರಿಗೆ ಎಲೆ ಹಾಕಿ ಫಲ ಹೇಳುವ ಕಾಲವಿದು. ಕೇಳುವವರು ಪ್ರಶ್ನೆಯನ್ನು ಬರೆದು ಕಳಿಸುತ್ತಾರೆ. ಹೇಳುವವರು ಎಲೆಗಳ ಚಿತ್ರ ತೆಗೆದು, ಅದರೊಂದಿಗೆ ಎರಡು ನಿಮಿಷದ ಮಾತನ್ನು ಕಳಿಸುತ್ತಾರೆ. ದಕ್ಷಿಣೆಯೂ ಫೋನಿನಲ್ಲಿಯೇ ಸಂದಾಯವಾಗುತ್ತದೆ. ಹೀಗೆ ಹೇಳುವವರಲ್ಲಿ ನಮ್ಮ ವಯಸ್ಸಿನ ವಿದ್ಯಾರ್ಥಿಗಳೂ ಇದ್ದಾರೆ. ಕೆಲವರು ಕಾಸು ಪಡೆಯುತ್ತಾರೆ, ಕೆಲವರು ಸ್ನೇಹಕ್ಕಾಗಿ ಹೇಳುತ್ತಾರೆ. ಇವರನ್ನು ವಂಚಕರೆಂದು ಕರೆಯುವುದು ನನ್ನ ಉದ್ದೇಶವಲ್ಲ; ಬಹುಪಾಲು ಮಂದಿ ತಾವು ಹೇಳುವುದನ್ನು ತಾವೇ ನಂಬಿದವರು. ನಾನು ಎತ್ತಬಯಸುವ ಪ್ರಶ್ನೆ ಬೇರೆ. ಇನ್ನೊಬ್ಬರ ನಾಳೆಯನ್ನು ಹೇಳಹೊರಟವರು ಆ ಇನ್ನೊಬ್ಬರ ಇಂದಿನ ದಿನಕ್ಕೆ ಎಷ್ಟರಮಟ್ಟಿಗೆ ಹೊಣೆಗಾರರು?

ಮೊದಲು ಈ ಎಲೆಗಳ ಕುಲಗೋತ್ರವನ್ನು ಸ್ವಲ್ಪ ನೋಡೋಣ. ಒಂದು ಕಟ್ಟಿನಲ್ಲಿ 78 ಎಲೆಗಳು. ಅವುಗಳಲ್ಲಿ 22 ಚಿತ್ರದ ಎಲೆಗಳೇ ಪ್ರಧಾನ. ಉಳಿದ 56 ನಮ್ಮ ಇಸ್ಪೀಟಿನ ಹಾಗೆಯೇ ನಾಲ್ಕು ಬಣ್ಣಗಳಾಗಿ ಹಂಚಿಹೋಗಿವೆ. ಹದಿನೈದನೆಯ ಶತಮಾನದಲ್ಲಿ ಇಟಲಿಯ ಉತ್ತರ ಭಾಗದಲ್ಲಿ ಇವು ಹುಟ್ಟಿದ್ದು ಆಟಕ್ಕಾಗಿ. ಸುಮಾರು ಮುನ್ನೂರು ವರ್ಷ ಜನ ಇವುಗಳಿಂದ ಆಡಿದರು, ಗೆದ್ದರು, ಸೋತರು. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಾಂ ಎಂಬ ಪಂಡಿತ, ಇವು ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನವನ್ನು ಅಡಗಿಸಿಕೊಂಡಿವೆಯೆಂದು ಬರೆದ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯನ್ ಓದುವ ದಾರಿ ಕಂಡುಹಿಡಿದದ್ದು 1822ರಲ್ಲಿ! ಲಿಪಿಯನ್ನು ಓದಬಲ್ಲವರು ಒಬ್ಬರೂ ಇಲ್ಲದ ಕಾಲದಲ್ಲಿ, ಅದರೊಳಗಿನ ಗುಟ್ಟು ಈ ಪಂಡಿತನಿಗೆ ತಿಳಿದುಹೋಗಿತ್ತು. ಅಲ್ಲಿಂದ ಮುಂದೆ ಆಟದ ಎಲೆ ಹಣೆಬರಹದ ಎಲೆಯಾಯಿತು. ಇಂದು ಎಲ್ಲರ ಕೈಯಲ್ಲಿ ಹೆಚ್ಚಾಗಿ ಕಾಣುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು, ಎ. ಇ. ವೇಯ್ಟ್ ಅವರ ಸೂಚನೆಯಂತೆ ಅವುಗಳನ್ನು ಬರೆದವರು ಪಮೆಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ. ಚಿತ್ರಗಳು ಸೊಗಸಾಗಿವೆಯೆಂಬುದರಲ್ಲಿ ಎರಡು ಮಾತಿಲ್ಲ.

ಚಿತ್ರದ ಎಲೆಗಳೇನೂ ನಮಗೆ ಅಪರಿಚಿತವಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಗಂಜೀಫಾ ಆಟದಲ್ಲಿ ಅಪಾರ ಆಸಕ್ತಿ. ಅವರು ಹೊಸ ಹೊಸ ಆಟಗಳನ್ನೇ ಕಲ್ಪಿಸಿದರು. 'ಶ್ರೀತತ್ತ್ವನಿಧಿ'ಯಲ್ಲಿ ಅವುಗಳ ವಿವರಣೆಗೆ ಸ್ಥಾನವಿತ್ತರು. ದಶಾವತಾರದ ಗಂಜೀಫಾ ಕಟ್ಟಿನಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆಗಳು. ಮತ್ಸ್ಯ, ಕೂರ್ಮ, ವರಾಹರೇ ಎಲೆಯ ಮೇಲೆ ಬಂದು ಕುಳಿತರೂ ಅದು ಆಟವೇ ಆಗಿತ್ತು. ದೇವರ ಚಿತ್ರವಿದ್ದ ಎಲೆಯನ್ನು ನಾವು ಆಟಕ್ಕೆ ಬಳಸಿದೆವು. ಆಟಕ್ಕೆ ಹುಟ್ಟಿದ ಎಲೆಯನ್ನು ಈಗ ದೇವರ ಪೀಠದಲ್ಲಿ ಕೂರಿಸುತ್ತಿದ್ದೇವೆ. ಇದು ವಿಚಿತ್ರವಲ್ಲವೆ?

"ಎಲ್ಲಿಂದಲಾದರೂ ಬರಲಿ, ನನಗೆ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು" ಎನ್ನುವ ಸಹಪಾಠಿಗಳುಂಟು. ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆ ಅನುಭವ ಹೇಗೆ ಉಂಟಾಗುತ್ತದೆಂಬುದನ್ನಷ್ಟೇ ನೋಡಬೇಕು. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಕೆಲವು ದಿನಗಳ ತರುವಾಯ ಪ್ರತಿಯೊಬ್ಬರಿಗೂ ಅವರ ಸ್ವಭಾವದ ವರ್ಣನೆಯೆಂದು ಒಂದೊಂದು ಕಾಗದ ಹಂಚಿದ. ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಕೊಡಿ ಎಂದ. ಸರಾಸರಿ ನಾಲ್ಕಕ್ಕೂ ಮೇಲೆ ಬಂದಿತು. ಆಮೇಲೆ ನೋಡಿದರೆ ಎಲ್ಲರ ಕೈಯಲ್ಲಿದ್ದದ್ದೂ ಒಂದೇ ವರ್ಣನೆ! ಅದರ ಬಹುಭಾಗವನ್ನು ಆತ ಆಯ್ದದ್ದು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕವೊಂದರಿಂದ. "ನಿಮ್ಮಲ್ಲಿ ಬಳಸದೆ ಉಳಿದ ಶಕ್ತಿಯಿದೆ, ಹೊರಗೆ ಧೈರ್ಯ ತೋರಿದರೂ ಒಳಗೆ ಅಳುಕುಂಟು" ಎಂಬಂಥ ಮಾತು ಯಾರಿಗೆ ಒಪ್ಪುವುದಿಲ್ಲ? ಪರೀಕ್ಷೆಯ ಹಿಂದಿನ ರಾತ್ರಿ ನಮ್ಮ ಕಾಲೇಜಿನ ಯಾವ ವಿದ್ಯಾರ್ಥಿಗೂ ಒಪ್ಪುತ್ತದೆ.

ಎಲೆಶಾಸ್ತ್ರದಲ್ಲಿ ಇನ್ನೊಂದು ಅನುಕೂಲವೂ ಇದೆ. 'ಮರಣ'ದ ಎಲೆ ಬಂದರೆ ಅದು ಮರಣವಲ್ಲ, ಬದಲಾವಣೆ ಎನ್ನುತ್ತಾರೆ. ಎಲೆ ತಲೆಕೆಳಗಾಗಿ ಬಿದ್ದರೆ ಅರ್ಥವೂ ಮಗುಚಿಕೊಳ್ಳಬಹುದು. ಹತ್ತು ಜನಕ್ಕೆ "ಶುಭವಾರ್ತೆ ಬರುತ್ತದೆ" ಎಂದರೆ ಮೂವರಿಗಾದರೂ ಬಂದೇ ಬರುತ್ತದೆ. ಆ ಮೂವರು ಮೂವತ್ತು ಮಂದಿಗೆ ಹೇಳುತ್ತಾರೆ. ಉಳಿದ ಏಳು ಮಂದಿ ಸುಮ್ಮನೆ ಮನೆಗೆ ಹೋಗುತ್ತಾರೆ. ಖ್ಯಾತಿ ಬೆಳೆಯುವುದಕ್ಕೆ ಇಷ್ಟು ಸಾಕು.

ಈ ವಾದ ನಮ್ಮ ಬಡಾವಣೆಗಳಿಗೆ ಹಳೆಯದು. ಬಿ. ವಿ. ರಾಮನ್ ಅವರು 1936ರಲ್ಲಿ ಪುನರಾರಂಭಿಸಿದ 'ದಿ ಆಸ್ಟ್ರಲಾಜಿಕಲ್ ಮ್ಯಾಗಜೀನ್' ಈ ಊರಿನಿಂದಲೇ ದೇಶಾಂತರಗಳಿಗೆ ಹೋಗುತ್ತಿತ್ತು. ಡಾ. ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಬದುಕು ಕಳೆದದ್ದೂ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭವಾದದ್ದೂ ಇದೇ ಊರಿನಲ್ಲಿ. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವುದಕ್ಕೆ ಅವರು ಒಂದು ಸಮಿತಿಯನ್ನು ರಚಿಸಿದರು. ಕಣ್ಣೆದುರಿಗೆ ತೋರಿಸಿ ಎಂಬುದು ಅವರ ಬೇಡಿಕೆ. ಆ ಬೇಡಿಕೆಯನ್ನು ಎಲೆಯವರ ಮುಂದೆಯೂ ಇಡಬಹುದು, ಇಡಬೇಕು. ಆದರೆ ಸುಳ್ಳೋ ನಿಜವೋ ಎಂದು ತೀರ್ಮಾನಿಸಿದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲವೆಂದು ನನ್ನ ಭಾವನೆ. ಏಕೆಂದರೆ ಸುಳ್ಳು ಮಾತೂ ನಿಜವಾದ ಕೆಲಸ ಮಾಡಬಲ್ಲದು.

ನಮ್ಮ ತರಗತಿಯ ಒಬ್ಬ ಗೆಳೆಯನ ಸಂಗತಿಯನ್ನು ಅವನ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಚಾಮರಾಜಪೇಟೆಯ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಓದುವವನು, ಊರು ದೂರ. ತಂದೆಯವರಿಗೆ ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ್ದಾರೆಂದು ಒಂದು ಸಂಜೆ ತಾಯಿಯಿಂದ ಫೋನು ಬಂತು. "ಗಾಬರಿಯಾಗಬೇಡ, ಪರೀಕ್ಷೆ ಮುಗಿಸಿಕೊಂಡು ಬಾ ಮಗ" ಎಂದು ಆ ತಾಯಿ ಹೇಳಿದರಂತೆ. ತಾಯಂದಿರು ಹೇಳುವುದೇ ಹಾಗೆ. ಹೋಗಲೋ ಬೇಡವೋ ಎಂದು ತೋಚದೆ ಅವನು, ಫೋನಿನಲ್ಲಿ ಎಲೆ ಹಾಕಿ ಹೇಳುವ ಒಬ್ಬ ಪರಿಚಯದವರನ್ನು ಕೇಳಿದ. ಮರಕ್ಕೆ ತಲೆಕೆಳಗಾಗಿ ತೂಗುಬಿದ್ದ ಮನುಷ್ಯನ ಎಲೆ ಬಂತು. "ತಾಳ್ಮೆಯಿಂದಿರು, ಈ ವಾರ ಪ್ರಯಾಣ ಬೇಡ, ಎಲ್ಲಾ ಒಳ್ಳೆಯದಾಗುತ್ತದೆ" ಎಂದು ಉತ್ತರ ಬಂತು. ಅವನು ನಾಲ್ಕು ದಿನ ಉಳಿದುಕೊಂಡ. ತಂದೆಯವರು ಗುಣವಾದರು, ಅಷ್ಟರಮಟ್ಟಿಗೆ ಎಲೆಯ ಮಾತು 'ಫಲಿಸಿತು' ಎಂದು ಯಾರಾದರೂ ಹೇಳಬಹುದು. ಆದರೆ ಆ ನಾಲ್ಕು ರಾತ್ರಿ ಅವನ ತಾಯಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಒಬ್ಬರೇ ಕುಳಿತಿದ್ದರು. ಔಷಧದ ಚೀಟಿ ಹಿಡಿದು ಓಡಾಡಿದವರೂ ಅವರೇ, ವೈದ್ಯರು ಇಂಗ್ಲಿಷಿನಲ್ಲಿ ಹೇಳಿದ್ದು ಅರ್ಥವಾಗದೆ ಪಕ್ಕದವರನ್ನು ಕೇಳಿದವರೂ ಅವರೇ. ಆ ರಾತ್ರಿಗಳನ್ನು ಯಾವ ಎಲೆ ಹಿಂದಕ್ಕೆ ಕೊಟ್ಟೀತು?

ಹೇಳಿದವರನ್ನು ಆಮೇಲೆ ಕೇಳಿದಾಗ ಅವರು ಪ್ರಾಮಾಣಿಕವಾಗಿಯೇ ನೊಂದುಕೊಂಡರು. "ನಾನೇನು ಮಾಡಲಿ, ಎಲೆಯಲ್ಲಿ ಬಂದದ್ದನ್ನು ಹೇಳಿದೆ" ಎಂದರು. ಇಡೀ ವಿಷಯದ ಮರ್ಮ ಈ ಒಂದು ಮಾತಿನಲ್ಲಿದೆಯೆಂದು ನನಗೆ ತೋರುತ್ತದೆ. ಎಲೆಗೆ ಬಾಯಿಲ್ಲ. ತೂಗುಬಿದ್ದ ಮನುಷ್ಯನ ಚಿತ್ರದಲ್ಲಿ 'ಈ ವಾರ' ಎಂದೂ ಇಲ್ಲ, 'ಪ್ರಯಾಣ' ಎಂದೂ ಇಲ್ಲ. ಆ ಮಾತನ್ನು ಕಟ್ಟಿದವರು ಒಬ್ಬ ಮನುಷ್ಯರು. ಆಡಿದ್ದು ಅವರು, ಹೊಣೆ ಮಾತ್ರ ಕಾಗದದ ಚೂರಿನದು! ಸ್ನೇಹಿತನೊಬ್ಬ "ಹೋಗಬೇಡ" ಎಂದಿದ್ದರೆ ನನ್ನ ಗೆಳೆಯ "ಏಕೆ?" ಎಂದು ಕೇಳುತ್ತಿದ್ದ, ಜಗಳವಾಡುತ್ತಿದ್ದ. ಎಲೆಯೊಡನೆ ಜಗಳವಾಡುವುದು ಹೇಗೆ?

ಹಳೆಯ ಕಾಲದವರೆಲ್ಲ ಸತ್ಯವಂತರಾಗಿದ್ದರೆಂದು ನಾನು ಹೇಳುತ್ತಿಲ್ಲ. ಕೊರವಂಜಿಯ ಜಾಣತನವನ್ನು ಕಂಡು ನಕ್ಕವರು ನಾವು, ಡಾ. ಎಂ. ಶಿವರಾಂ ಅವರು 1942ರಲ್ಲಿ ಇದೇ ಬೆಂಗಳೂರಿನಲ್ಲಿ ಹಾಸ್ಯಪತ್ರಿಕೆಯೊಂದನ್ನು ಹೊರಡಿಸಿದಾಗ ಅದಕ್ಕೆ 'ಕೊರವಂಜಿ' ಎಂದೇ ಹೆಸರಿಟ್ಟರು. ಆದರೂ ಬೀದಿಯ ಜೋಯಿಸರಿಗೆ ಒಂದು ಕಟ್ಟು ಇತ್ತು. ಅವರು ಕೇಳುವವರ ಮುಖ ನೋಡಬೇಕಾಗಿತ್ತು. ಮನೆಯ ಸ್ಥಿತಿಗತಿ ಅವರಿಗೆ ಗೊತ್ತಿತ್ತು. ಹೇಳಿದ್ದು ಕೆಟ್ಟರೆ ಮರುದಿನ ಅದೇ ಬೀದಿಯಲ್ಲಿ ತಲೆಯೆತ್ತಿ ನಡೆಯಬೇಕಾಗಿತ್ತು. ಫೋನಿನಲ್ಲಿ ಹೇಳುವವರಿಗೆ ಮುಖವೂ ಕಾಣದು, ಬೀದಿಯೂ ಇಲ್ಲ. ನಡುರಾತ್ರಿ ಎರಡು ಗಂಟೆಗೆ ಪ್ರಶ್ನೆ ಕಳಿಸಿದವರ ಕೈ ನಡುಗುತ್ತಿತ್ತೇ ಎಂಬುದು ಅಕ್ಷರಗಳಲ್ಲಿ ತಿಳಿಯುವುದಿಲ್ಲ.

ಕಾನೂನು ನೋಡಿಕೊಳ್ಳಲಿ ಎನ್ನೋಣವೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಗಿಣಿಯನ್ನು ಪಂಜರದಿಂದ ಬಿಡಿಸಿತು. ಗಿಣಿಯ ಮಾತನ್ನು ನಂಬಿದವರನ್ನು ಬಿಡಿಸುವುದು ಅದರ ಕೆಲಸವಲ್ಲ. ನಮ್ಮ ರಾಜ್ಯದಲ್ಲಿ 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಅಮಾನವೀಯ ಅನಿಷ್ಟ ಪದ್ಧತಿಗಳ ವಿರುದ್ಧದ ಕಾಯಿದೆಯೂ ಜ್ಯೋತಿಷ್ಯ, ವಾಸ್ತುಗಳ ಸಲಹೆಯನ್ನು ತನ್ನ ಹೊರಗೇ ಬಿಟ್ಟಿದೆ. ಕಾಯಿದೆ ಬಿಟ್ಟ ಸ್ಥಳದಲ್ಲಿ ವಿವೇಕ ನಿಲ್ಲಬೇಕು.

ಇದಕ್ಕೆ ಎದುರಾಗಿ ಒಂದು ಮಾತು ಬರುತ್ತದೆ; ಅದು ಹಗುರವಾದ ಮಾತಲ್ಲ. "ಮನೆಯಲ್ಲಿ ಮದುವೆಗೆ ಒತ್ತಾಯ, ತರಗತಿಯಲ್ಲಿ ಹಾಜರಿಯ ಕೊರತೆ, ಮನಸ್ಸಿನಲ್ಲಿ ಹೇಳಲಾರದ ದುಗುಡ. ಇದನ್ನು ಯಾರ ಮುಂದೆ ಹೇಳೋಣ? ಎಲೆಯವರಾದರೂ ಅರ್ಧ ಗಂಟೆ ಕೇಳುತ್ತಾರೆ" ಎಂದು ಒಬ್ಬ ಸಹಪಾಠಿನಿ ನನ್ನೊಡನೆ ವಾದಿಸಿದಳು. ಅವಳ ಮಾತು ನಿಜ. ಆದರೆ ಅವಳಿಗೆ ನೆಮ್ಮದಿ ಕೊಟ್ಟದ್ದು ಎಲೆಯೋ, ಕಿವಿಯೋ? ಕಿವಿಯೇ ಆಗಿದ್ದರೆ, ಅಷ್ಟು ಚೆನ್ನಾಗಿ ಕೇಳಬಲ್ಲವರು ಎಲೆಯನ್ನು ಬದಿಗಿಟ್ಟೂ ಕೇಳಬಹುದಲ್ಲವೆ? ಇನ್ನೊಬ್ಬರ ಕಷ್ಟವನ್ನು ಸಮಾಧಾನದಿಂದ ಆಲಿಸುವ ಗುಣ ದೊಡ್ಡದು. ಅದನ್ನು ಸುಳ್ಳಿನ ಜೊತೆಗೆ ಸೇರಿಸಿ ಮಾರುವುದು ಆ ಗುಣಕ್ಕೇ ಅವಮಾನ.

ಆದ್ದರಿಂದ ಎಲೆ ಹಾಕುವ ಮಿತ್ರರಲ್ಲಿ ನನ್ನ ಪ್ರಾರ್ಥನೆ ಇಷ್ಟು. ವಿನೋದಕ್ಕೆ ಹಾಕಿ, ಬೇಡವೆನ್ನುವುದಿಲ್ಲ. ರೋಗ, ಪರೀಕ್ಷೆ, ಮದುವೆ, ಪ್ರಯಾಣ, ಹಣ ಇವುಗಳ ವಿಷಯ ಬಂದ ಕೂಡಲೆ ಎಲೆ ಮಡಿಸಿಡಿ. ಹೆದರಿದವರಿಂದ ಕಾಸು ಮುಟ್ಟಬೇಡಿ. ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಹಿಡಿದು ಬಂದವರಿಗೆ ಮತ್ತೊಂದು ಎಲೆಯ ಅಗತ್ಯವಿಲ್ಲ, ಒಬ್ಬ ಮನುಷ್ಯನ ಅಗತ್ಯವಿದೆ. ಏನಾದರೂ ಸಲಹೆ ಹೇಳಲೇಬೇಕೆನಿಸಿದರೆ "ಎಲೆ ಹೇಳಿತು" ಎನ್ನದೆ "ಇದು ನನ್ನ ಅಭಿಪ್ರಾಯ" ಎಂದು ಹೇಳಿ. ಆಗ ಕೇಳುವವರಿಗೆ ಅದನ್ನು ತಳ್ಳಿಹಾಕುವ ಸ್ವಾತಂತ್ರ್ಯವಾದರೂ ಉಳಿಯುತ್ತದೆ.

ಅಧ್ಯಾಪಕವೃಂದದವರಲ್ಲಿಯೂ ಎರಡು ಬಿನ್ನಹಗಳಿವೆ. ಫೋರರನ ಪರೀಕ್ಷೆಗೆ ಖರ್ಚೇನೂ ಇಲ್ಲ. ಒಂದೇ ಕಾಗದದ ನಕಲುಗಳು ಸಾಕು. ಬರುವ ವರ್ಷ ನಮ್ಮ ಮೊದಲ ವರ್ಷದ ತರಗತಿಗಳಲ್ಲಿ ಅದನ್ನು ಮಾಡಿನೋಡಬೇಕು. ನೂರು ಉಪನ್ಯಾಸಗಳಿಗಿಂತ ಆ ಒಂದು ಗಂಟೆ ಹೆಚ್ಚು ಕಲಿಸೀತು. ಎರಡನೆಯದು, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿಯೇ ಮಾತನಾಡಬಹುದು, ಕಾಸು ಕೊಡಬೇಕಾಗಿಲ್ಲ. ಆ ಸಂಖ್ಯೆಯನ್ನು ನಮ್ಮ ಸೂಚನಾಫಲಕದಲ್ಲಿ ಪರೀಕ್ಷೆಯ ವೇಳಾಪಟ್ಟಿಯ ಪಕ್ಕದಲ್ಲಿಯೇ ಬರೆಸಬೇಕು. ಅದರ ಜೊತೆಗೆ, ವಾರಕ್ಕೊಂದು ಗಂಟೆ, ಬಾಗಿಲು ಹಾಕಬಲ್ಲ ಒಂದು ಕೋಣೆಯಲ್ಲಿ, ಹಾಜರಿ ಪುಸ್ತಕವಿಲ್ಲದೆ ಒಬ್ಬ ಗುರುಗಳು ನಮಗಾಗಿ ಕುಳಿತುಕೊಂಡರೆ, ನಡುರಾತ್ರಿ ಫೋನಿನ ಮುಂದೆ ಕುಳಿತು ಎಲೆಗಾಗಿ ಕಾಯುವವರಲ್ಲಿ ಕೆಲವರಾದರೂ ಬೆಳಗಾಗುವವರೆಗೆ ತಾಳಿಕೊಂಡು ಆ ಬಾಗಿಲಿಗೆ ಬರುತ್ತಾರೆಂಬ ನಂಬಿಕೆ ನನಗಿದೆ.