ಎಡಗೈ ಬಲ್ಲ ಅಣ್ಣ

ಕಥೆಗೆ ಅಳುವುದು ಮನುಷ್ಯನಿಗೆ ಹೊಸದೇನಲ್ಲ. ಹರಿಶ್ಚಂದ್ರ ನಾಟಕದಲ್ಲಿ ಚಂದ್ರಮತಿ ಮಗನ ಶವದೊಡನೆ ಸುಡುಗಾಡಿಗೆ ಬಂದಾಗ ಕಣ್ಣೊರೆಸಿಕೊಳ್ಳದ ಪ್ರೇಕ್ಷಕರು ಕಡಿಮೆ. ಆ ದುಃಖ ಒಳಗಿಳಿಯುವುದು ಕಣ್ಣು, ಕಿವಿಗಳ ಮೂಲಕ. ನೋಡುವವರ ಕೈಗಳಿಗೆ ಅಲ್ಲಿ ಕೆಲಸವಿಲ್ಲ. ಬಹಳವೆಂದರೆ ಸೆರಗನ್ನೋ ಕರವಸ್ತ್ರವನ್ನೋ ಹುಡುಕಬೇಕು. ಕೈಯ ಮೂಲಕವೂ ಕಥೆ ಹೇಳಲು ಸಾಧ್ಯವೆ? ಸಾಧ್ಯ ಎಂದು ತೋರಿಸಿಕೊಟ್ಟಿರುವುದು, ಮಕ್ಕಳ ಓದು ಕೆಡಿಸುತ್ತದೆಂದು ಹಿರಿಯರಿಂದ ಬೈಸಿಕೊಳ್ಳುವ ವಿಡಿಯೊ ಗೇಮ್.

ಈ ಆಟಗಳಲ್ಲಿ ಸಾವು ಬಲು ಅಗ್ಗ. ನಾಯಕ ಕಂದಕಕ್ಕೆ ಬಿದ್ದರೂ, ಗುಂಡು ತಗುಲಿ ಉರುಳಿದರೂ ಮರುಕ್ಷಣ ಎದ್ದು ನಿಲ್ಲುತ್ತಾನೆ. ಹೀಗಿರುವಾಗ, 1997ರಲ್ಲಿ ಜಪಾನಿನಲ್ಲಿ ಹೊರಬಂದ ‘ಫೈನಲ್ ಫ್ಯಾಂಟಸಿ 7’ ಆಟದಲ್ಲಿ ಏರಿತ್ ಎಂಬ ತರುಣಿ ನಡುವೆಯೇ ಸತ್ತಳು, ಮತ್ತೆ ಏಳಲಿಲ್ಲ. ಅಷ್ಟು ದಿನ ಅವಳನ್ನು ಜೊತೆಗಿಟ್ಟುಕೊಂಡು ಆಡಿದ್ದವರು ಕಂಗಾಲಾದರು. ಆದರೆ ಆ ಸಾವು ಸಹ ಸಿನಿಮಾದಂತೆ ತೆರೆಯ ಮೇಲೆ ನಡೆದುಹೋಗುವ ದೃಶ್ಯವೇ. ಆಟಗಾರ ಸುಮ್ಮನೆ ನೋಡಬೇಕು.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದದ್ದು 2013ರಲ್ಲಿ ಬಂದ ‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸ್ಟುಡಿಯೋಸ್ ತಯಾರಿಸಿದ ಈ ಆಟದ ನಿರ್ದೇಶಕ ಜೋಸೆಫ್ ಫಾರೆಸ್. ಅವರು ಲೆಬನಾನಿನಲ್ಲಿ ಹುಟ್ಟಿ, ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ ಮನೆಯವರೊಡನೆ ಸ್ವೀಡನ್ ಸೇರಿದವರು. ಆಟಕ್ಕೆ ಕೈಹಾಕುವ ಮೊದಲು ಸಿನಿಮಾ ನಿರ್ದೇಶಿಸುತ್ತಿದ್ದವರು.

ಕಥೆ ಸರಳ. ತಂದೆಗೆ ಕಾಯಿಲೆ. ದೂರದ ಜೀವವೃಕ್ಷದ ನೀರು ತಂದರೆ ಆತ ಬದುಕುತ್ತಾನೆ. ಅಣ್ಣ ತಮ್ಮ ಇಬ್ಬರೂ ಹೊರಡುತ್ತಾರೆ. ತಾಯಿ ಕಣ್ಣೆದುರೇ ಮುಳುಗಿ ಸತ್ತದ್ದರಿಂದ ತಮ್ಮನಿಗೆ ನೀರೆಂದರೆ ಭಯ. ನೀರು ಅಡ್ಡ ಬಂದಾಗ ಅಣ್ಣನ ಬೆನ್ನು ಹಿಡಿದೇ ದಾಟುತ್ತಾನೆ. ಅವರಾಡುವ ಭಾಷೆ ಯಾವ ದೇಶದ್ದೂ ಅಲ್ಲ, ಕಲ್ಪಿತ. ಆದರೂ ದನಿ ಮತ್ತು ಹಾವಭಾವಗಳಿಂದಲೇ ಎಲ್ಲ ಅರ್ಥವಾಗುತ್ತದೆ.

ವಿಶೇಷವಿರುವುದು ಆಡುವ ಬಗೆಯಲ್ಲಿ. ಎರಡೂ ಕೈಗಳಲ್ಲಿ ಹಿಡಿಯುವ ಕಂಟ್ರೋಲರ್‌ನ ಎಡಗಡೆಯ ಸ್ಟಿಕ್ ಮತ್ತು ಗುಂಡಿ ಅಣ್ಣನವು, ಬಲಗಡೆಯವು ತಮ್ಮನವು. ಒಬ್ಬನೇ ಆಟಗಾರ ಇಬ್ಬರನ್ನೂ ಒಟ್ಟಿಗೆ ನಡೆಸಬೇಕು. ಮೊದಮೊದಲು ಕೈಗಳು ತಡವರಿಸುತ್ತವೆ. ಬರಬರುತ್ತ ಎಡಗೈ ಎಂದರೆ ಅಣ್ಣ ಎಂಬುದು ರೂಢಿಯಾಗುತ್ತದೆ. ಸೈಕಲ್ ಕಲಿತವನು ತುಳಿಯುವಾಗ ಸಮತೋಲನದ ಯೋಚನೆ ಮಾಡುವುದಿಲ್ಲ. ಪದೇ ಪದೇ ಮಾಡಿದ ಚಲನೆಯನ್ನು ಮಿದುಳು ನಮ್ಮ ಗಮನಕ್ಕೆ ತರದೆಯೇ ನಡೆಸುತ್ತದೆ. ಇಲ್ಲಿಯೂ ಹಾಗೆಯೇ.

ಜೀವವೃಕ್ಷದ ಬಳಿ ಅಣ್ಣ ಸಾಯುತ್ತಾನೆ. ಅವನ ದೇಹವನ್ನು ಕುಣಿಗೆ ಎಳೆದು ಮಣ್ಣು ಮುಚ್ಚುವ ಕೆಲಸವನ್ನೂ ಆಟಗಾರನೇ ಮಾಡಬೇಕು. ಅಲ್ಲಿಂದ ಮುಂದೆ ಎಡಗೈಗೆ ಕೆಲಸವಿಲ್ಲ. ರೂಢಿಯಂತೆ ಸ್ಟಿಕ್ ಸರಿಸಿದರೆ ಯಾರೂ ನಡೆಯುವುದಿಲ್ಲ.

ತಮ್ಮ ಒಬ್ಬನೇ ಊರಿಗೆ ಹಿಂತಿರುಗುವಾಗ ದಾರಿಗೆ ಮತ್ತೆ ನೀರು ಅಡ್ಡವಾಗುತ್ತದೆ. ಅವನ ಗುಂಡಿಯನ್ನು ಎಷ್ಟು ಒತ್ತಿದರೂ ನೀರಿಗಿಳಿಯಲು ಒಲ್ಲ. ಆಟಗಾರ ಕೊನೆಗೆ ಎಡಗಡೆಯ, ಅಣ್ಣನ ಗುಂಡಿಯನ್ನು ಒತ್ತುತ್ತಾನೆ. ತಮ್ಮ ಈಜತೊಡಗುತ್ತಾನೆ.

ಸತ್ತ ಅಣ್ಣ ತಮ್ಮನೊಳಗೆ ಧೈರ್ಯವಾಗಿ ಉಳಿದಿದ್ದಾನೆ ಎಂಬುದನ್ನು ಹೇಳಲು ಕಾದಂಬರಿಕಾರನಿಗೆ ಒಂದು ಪುಟವಾದರೂ ಬೇಕು. ಇಲ್ಲಿ ಒಂದು ಬೆರಳು ಸಾಕಾಯಿತು. ಬ್ರಿಟನ್ನಿನ ಬಾಫ್ಟಾ ಸಂಸ್ಥೆ 2014ರಲ್ಲಿ ಈ ಆಟದ ಹೊಸತನಕ್ಕೆ ಪ್ರಶಸ್ತಿ ನೀಡಿತು.

ಪಕ್ಕದಲ್ಲಿ ಕುಳಿತು ಬರೀ ನೋಡಿದವರಿಗೆ ಇದು ಹುಡುಗನೊಬ್ಬ ಈಜಿದ ದೃಶ್ಯ, ಅಷ್ಟೆ. ಅಣ್ಣನನ್ನು ಕೆಲವು ಗಂಟೆ ಕೈಯಲ್ಲಿ ನಡೆಸಿದವರಿಗೆ ಮಾತ್ರ ಆ ಗುಂಡಿಯ ಭಾರ ಗೊತ್ತು. ಎಲ್ಲ ಆಟಗಳೂ ಇಂಥವಲ್ಲ, ಬರೀ ಹೊಡೆದಾಟದವು ಬೇಕಾದಷ್ಟಿವೆ. ಆದರೆ ಬಾಗಿಲಲ್ಲಿ ನಿಂತು ನೋಡಿ ತೀರ್ಪು ಕೊಡುವ ಹಿರಿಯರು ಒಂದನ್ನು ನೆನಪಿಡಬಹುದು. ಆಟ ಮುಗಿಸಿದ ಮಗನೋ ಮಗಳೋ ಮಂಕಾಗಿ ಕುಳಿತಿದ್ದರೆ, ಬೈಯುವ ಮೊದಲು ‘ಆಟದಲ್ಲಿ ಯಾರು ಹೋದರು?’ ಎಂದು ಒಮ್ಮೆ ಕೇಳಿ ನೋಡಬೇಕು.