ಅವರ ಕಾನೂನು, ನಮ್ಮ ತೋಟ

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಫಿ, ರಬ್ಬರು ಯುರೋಪಿಗೆ ಹೋಗಬೇಕಾದರೆ ತೋಟದ ಅಕ್ಷಾಂಶ-ರೇಖಾಂಶ ಕೊಡಬೇಕಂತೆ! 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಅಂತ ರುಜುವಾತಾಗಬೇಕು. 27 ದೇಶಗಳ ಒಕ್ಕೂಟ 2023ರಲ್ಲಿ ಮಾಡಿದ ಕಾನೂನು.

ಕಾಡು ಉಳಿಯಲಿ, ತಕರಾರಿಲ್ಲ. ತುಂಗೆ-ಭದ್ರೆಯರ ಕಾಡು ಮೊದಲು ಬೇಕಾದ್ದು ನಮಗೇ. ಆದರೆ ತಮ್ಮ ಕಂಪ್ಯೂಟರ್ ವ್ಯವಸ್ಥೆಗೇ ಹೊರೆ ತಡೆಯಲ್ಲ ಅಂತ 2025ರಲ್ಲಿ ಅವರು ಎರಡನೇ ಸಲ ಜಾರಿಯನ್ನು ಮುಂದೂಡಿದರು, 2026ರ ಡಿಸೆಂಬರ್‌ಗೆ. ಗುಡ್ಡ ಹತ್ತಿ ಸಿಗ್ನಲ್ ಹುಡುಕೋ ಎರಡೆಕರೆ ರೈತ ತಡವಾದರೆ ಯಾರು ಕಾಯ್ತಾರೆ ಸ್ವಾಮಿ?

ಪುರಾವೆ ಕೇಳೋರು ಒಂದಾಗಿದ್ದಾರೆ. ಕೊಡಬೇಕಾದ ನಾವು ಬೇಲಿಗೊಬ್ಬರಂತೆ ಬೇರೆ ಬೇರೆ. ಮೂರು ತಾಲ್ಲೂಕಿನವರೂ ಸೇರಿ ನಕ್ಷೆ ಮಾಡಿಸೋಣ. ಖರ್ಚು ಕೊಳ್ಳುವವರೇ ಕೊಡಲಿ ಅಂತ ಒಂದೇ ದನಿಯಲ್ಲಿ ಕೇಳೋಣ. ಏನಂತೀರಿ?